ಹತ್ತು ದ್ವೀಪ, ಒಬ್ಬ ಸಂಸದ

“ಬರೇ 71 ಮತ, ಸರ್. ಸತತ 10 ಸಲ ಗೆದ್ದ ಮನುಷ್ಯ 71 ಮತದಲ್ಲಿ ಸೋಲುವುದು ಅಂದರೆ!”

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಯೊಂದಕ್ಕೆ ಸಿಮೆಂಟ್ ಚೀಲ ಏರಿಸುತ್ತಿದ್ದರು. ಪಕ್ಕದಲ್ಲಿ ತರಕಾರಿ ಬುಟ್ಟಿಗಳು, ಕಬ್ಬಿಣದ ಸರಳುಗಳು, ಹಗ್ಗ ಕಟ್ಟಿ ನಿಲ್ಲಿಸಿದ ನಾಲ್ಕು ಆಡುಗಳು. ಹೇಳಿದವಳು ರಾಜ್ಯಶಾಸ್ತ್ರದ ಸಂಶೋಧಕಿ. ಮತದಾರರ ಲೆಕ್ಕದಲ್ಲಿ ದೇಶದ ಅತಿ ಸಣ್ಣ ಲೋಕಸಭಾ ಕ್ಷೇತ್ರವಾದ ಲಕ್ಷದ್ವೀಪದ ಚುನಾವಣೆಗಳನ್ನು ಒಂದೊಂದಾಗಿ ಕೆದಕುತ್ತಿದ್ದಾಳೆ. ಕೇಳುತ್ತಿದ್ದವರು ಅವಳಿಗೆ ಪದವಿಯಲ್ಲಿ ಇತಿಹಾಸ ಪಾಠ ಮಾಡಿದ್ದ ನಿವೃತ್ತ ಮೇಷ್ಟ್ರು. ಈ ದಕ್ಕೆಗೂ ಆ ದ್ವೀಪಗಳಿಗೂ ಇರುವ ಸಂಬಂಧ ತೋರಿಸುತ್ತೇನೆಂದು ಅವಳನ್ನು ಇಲ್ಲಿಗೆ ಕರೆತಂದವರು ಅವರೇ.

“2004ರದ್ದು ತಾನೇ? ಪಿ.ಎಂ. ಸಯೀದ್ ಸೋತದ್ದು,” ಎಂದರು ಮೇಷ್ಟ್ರು. “ಎಷ್ಟಕ್ಕೆ ಎಷ್ಟು?”

“ಜನತಾದಳ ಸಂಯುಕ್ತದ ಡಾಕ್ಟರ್ ಪೂಕುಞಿ ಕೋಯಾ ಅವರಿಗೆ 15,597, ಸಯೀದ್ ಅವರಿಗೆ 15,526.”

“ಅದೇ ವರ್ಷ ನಮ್ಮಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದರು, ನೆನಪುಂಟಾ? ಅದನ್ನು ನಾವು ಇವತ್ತಿಗೂ ಕಥೆಯ ಹಾಗೆ ಹೇಳುತ್ತೇವೆ. ಅಂಥದ್ದು ಅಪರೂಪಕ್ಕೆ ಒಮ್ಮೆ ಆಗುವುದು. ಲಕ್ಷದ್ವೀಪದಲ್ಲಿ ಇತ್ತೀಚಿನ ಎಲ್ಲ ಚುನಾವಣೆಗಳೂ ಹಾಗೇ ಅಲ್ವಾ?”

ಅವಳು ಒಪ್ಪಿದಳು. 2009ರಲ್ಲಿ ಗೆಲುವಿನ ಅಂತರ 2,198. 2014ರಲ್ಲಿ 1,535. 2019ರಲ್ಲಿ 823. 2024ರಲ್ಲಿ 2,647. ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಮತದಾರರೇ 32 ಲಕ್ಷ. ಲಕ್ಷದ್ವೀಪದಲ್ಲಿ ಸುಮಾರು 58 ಸಾವಿರ. 2011ರ ಜನಗಣತಿಯ ಪ್ರಕಾರ ಒಟ್ಟು ಜನಸಂಖ್ಯೆ 64,473. ಭೂಮಿ ಎಂದು ಹೇಳಿಕೊಳ್ಳಲು 32 ಚದರ ಕಿಲೋಮೀಟರ್. 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ. ನಮ್ಮ ಒಂದು ವಿಧಾನಸಭಾ ಕ್ಷೇತ್ರದ ಮೂರನೇ ಒಂದು ಭಾಗದಷ್ಟೂ ಮತದಾರರಿಲ್ಲದ ಆ ಕ್ಷೇತ್ರದ ಸಂಸದನಿಗೂ ಬೆಂಗಳೂರು ಉತ್ತರದ ಸಂಸದನಿಗೂ ಲೋಕಸಭೆಯಲ್ಲಿ ಇರುವುದು ಒಂದೊಂದೇ ಮತ. ಸಂಸದರ ನಿಧಿಯೂ ಇಬ್ಬರಿಗೂ ವರ್ಷಕ್ಕೆ 5 ಕೋಟಿಯೇ.

“ಹಾಗೆ ನೋಡಿದರೆ ಅಲ್ಲಿನ ಮತದಾರನ ಒಂದು ಮತಕ್ಕೆ ನಮ್ಮ ಐವತ್ತು ಮತಗಳ ತೂಕ ಉಂಟು,” ಎಂದಳು.

“ತೂಕ ಉಂಟು ಅಂತ ಅಷ್ಟು ಬೇಗ ಹೇಳಬೇಡ. ಮೊದಲು ಆ ಮತ ಅವರ ಕೈಗೆ ಯಾವಾಗ ಬಂತು ನೋಡು.”

ಆ ಕಥೆಯನ್ನು ಮೇಷ್ಟ್ರು ಎದುರಿನ ಮಂಜಿಯಿಂದಲೇ ಶುರು ಮಾಡಿದರು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಉತ್ತರದ ಐದು ದ್ವೀಪಗಳಿಗೆ ಅಮೀನ್‌ದೀವಿ ಎಂದು ಹೆಸರು. 18ನೇ ಶತಮಾನದ ಕೊನೆಯವರೆಗೂ ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಡಳಿತದಿಂದ ಬೇಸತ್ತ ಅಮೀನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮುಂದೆ ನಿಂತರು: ನಮ್ಮನ್ನು ನೀವೇ ನೋಡಿಕೊಳ್ಳಿ ಎಂದರು. ಅರಕ್ಕಲ್ ಬೀಬಿಯೊಂದಿಗೆ ಟಿಪ್ಪುವಿಗೆ ಸ್ನೇಹವಿತ್ತು. ಮಾತುಕತೆಯಾಗಿ ಐದು ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವೂ ಇಂಗ್ಲಿಷರ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. ಕಲೆಕ್ಟರ್ ಮಂಗಳೂರಿನಲ್ಲಿ, ಅವನ ಪರವಾಗಿ ಅಮೀನಿಯಲ್ಲಿ ಮೊನೆಗಾರನೆಂಬ ಒಬ್ಬ ಅಧಿಕಾರಿ. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹುರಿ ಸರ್ಕಾರಕ್ಕೇ ಹೋಗಬೇಕು, ಬದಲಿಗೆ ಸರ್ಕಾರ ಹೇಳಿದ ದರದಲ್ಲಿ ಅಕ್ಕಿ ತೆಗೆದುಕೊಳ್ಳಬೇಕು. ಬೇರೆ ವ್ಯಾಪಾರಿಗೆ ಮಾರುವ ಹಾಗಿಲ್ಲ.

“ಅಂದರೆ ಈ ಬಂದರಿನಲ್ಲಿ ಅವರ ಹುರಿ ಇಳಿಯುತ್ತಿತ್ತು, ಅಕ್ಕಿ ಏರುತ್ತಿತ್ತು. ಆ ಹುರಿಗೆ ಎಷ್ಟು ಅಕ್ಕಿ ಅಂತ ತೀರ್ಮಾನಿಸುವಾಗ ಮಾತ್ರ ಅವರು ಇರುತ್ತಿರಲಿಲ್ಲ,” ಎಂದರು ಮೇಷ್ಟ್ರು. “ಇದನ್ನು ಬಿಟ್ಟು ನೀನು ಬರೇ ಚುನಾವಣೆಯ ಅಂಕಿ ಹಿಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.”

ಉಳಿದ ದ್ವೀಪಗಳು, ಅಂದರೆ ಲಕ್ಕದೀವಿ ಗುಂಪು ಮತ್ತು ಮಿನಿಕಾಯ್, ಮಲಬಾರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು, ಭಾಷಾವಾರು ರಾಜ್ಯಗಳು ಹುಟ್ಟಿದ ದಿನವೇ, ಎರಡೂ ಕಡೆಯ ದ್ವೀಪಗಳನ್ನು ಒಟ್ಟುಗೂಡಿಸಿ ಲಕ್ಕದೀವಿ, ಮಿನಿಕಾಯ್ ಮತ್ತು ಅಮೀನ್‌ದೀವಿ ಎಂಬ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಆಡಳಿತ ಕಚೇರಿ 1964ರವರೆಗೆ ದ್ವೀಪದಲ್ಲೇ ಇರಲಿಲ್ಲ, ಕೋಝಿಕ್ಕೋಡಿನಲ್ಲಿತ್ತು. ಆಮೇಲಷ್ಟೇ ಕವರತ್ತಿಗೆ ಬಂತು.

“ಆದರೆ ಸರ್, 1957ರ ಲೋಕಸಭೆಯಲ್ಲೇ ದ್ವೀಪದ ಸದಸ್ಯ ಇದ್ದರಲ್ಲ? ಕೆ. ನಲ್ಲಕೋಯ ತಂಙಳ್?”

“ಇದ್ದರು. ಜನ ಆರಿಸಿದವರಲ್ಲ, ರಾಷ್ಟ್ರಪತಿ ನಾಮಕರಣ ಮಾಡಿದವರು. 1962ರಲ್ಲೂ ಅವರೇ. ದೇಶದ ಬಾಕಿ ಕಡೆ ಜನ ಮೂರು ಮಹಾಚುನಾವಣೆಗೆ ಸಾಲು ನಿಂತು ಬಂದಾಗಿತ್ತು. ಇವರು ತಮ್ಮ ಸಂಸದನಿಗೆ ಮತ ಹಾಕಿಯೇ ಇರಲಿಲ್ಲ.”

1965ರಲ್ಲಿ ಕೇಂದ್ರಾಡಳಿತ ಪ್ರದೇಶಗಳಿಗೆ ಲೋಕಸಭೆಗೆ ನೇರ ಚುನಾವಣೆ ಕೊಡುವ ಕಾಯ್ದೆ ಬಂತು. ಅದರಂತೆ 1967ರಲ್ಲಿ ಅಂಡಮಾನ್ ಮತ್ತು ನಿಕೋಬಾರ್‌ನ ಜೊತೆ ಲಕ್ಷದ್ವೀಪವೂ ಮೊದಲ ಸಲ ಮತಗಟ್ಟೆಗೆ ಹೋಯಿತು. ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿನ ಶೇ 94ಕ್ಕಿಂತ ಹೆಚ್ಚು ಜನ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಮುಸ್ಲಿಮರು.

“ಆ ಮೊದಲ ಚುನಾವಣೆಯಲ್ಲಿ ಗೆದ್ದವನು ಇದೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದಿದ ಹುಡುಗ,” ಎಂದಳು ಸಂಶೋಧಕಿ. ಮೇಷ್ಟ್ರ ಮುಖ ಅರಳಿತು. ಅದನ್ನು ಹೇಳಲು ಅವರೂ ಕಾದಿದ್ದರು.

ಆಂದ್ರೋತ್ ದ್ವೀಪದ ಪಿ.ಎಂ. ಸಯೀದ್ ಹುಟ್ಟಿದ್ದು 1941ರಲ್ಲಿ. ಮಂಗಳೂರಿನಲ್ಲಿ ಪದವಿ, ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಕಾನೂನು. 1967ರಲ್ಲಿ ಪಕ್ಷೇತರನಾಗಿ ನಿಂತು ಗೆದ್ದಾಗ ಇನ್ನೂ 26 ತುಂಬಿರಲಿಲ್ಲ. ನಂತರ ಕಾಂಗ್ರೆಸ್ ಸೇರಿದರು. 1971ರಲ್ಲಿ ಎದುರಾಳಿಯೇ ಇರಲಿಲ್ಲ, ಅವಿರೋಧ ಆಯ್ಕೆ. 1977ರಲ್ಲೂ ಗೆಲುವು. ಅಲ್ಲಿಂದ 1999ರವರೆಗೆ ಒಂದೇ ಕ್ಷೇತ್ರದಿಂದ ಒಟ್ಟು 10 ಬಾರಿ, ನಡುವೆ ಒಂದು ಸೋಲೂ ಇಲ್ಲದೆ.

“1980ರದ್ದು ನೋಡಿ ಸರ್, ನನಗೆ ಬಹಳ ಇಷ್ಟವಾದದ್ದು ಅದು. ಆಗ ಸಯೀದ್ ಇದ್ದದ್ದು ಕಾಂಗ್ರೆಸ್ ಯು ಪಕ್ಷದಲ್ಲಿ.”

“ಅರಸು ಕಾಂಗ್ರೆಸ್! ನಮ್ಮ ದೇವರಾಜ ಅರಸರ ಪಕ್ಷ.”

“ಹೌದು. ಕರ್ನಾಟಕದ 28 ಕ್ಷೇತ್ರಗಳಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 27, ಜನತಾ ಪಕ್ಷಕ್ಕೆ ಒಂದು. ಅರಸರ ಪಕ್ಷಕ್ಕೆ ಅವರದೇ ರಾಜ್ಯದಲ್ಲಿ ಸೊನ್ನೆ. ಲಕ್ಷದ್ವೀಪದಲ್ಲಿ ಮಾತ್ರ ಅದೇ ಪಕ್ಷದ ಅಭ್ಯರ್ಥಿ ಗೆದ್ದರು.”

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ಅಲ್ಲಿ ಪಕ್ಷಕ್ಕೆ ಬೆಲೆ ಇಲ್ಲ ಅಂತಲೋ?” ಎಂದು ಕೇಳಿದರು.

ಇಲ್ಲಿ ಇಬ್ಬರ ನಡುವೆ ಚರ್ಚೆ ಬಿಸಿಯಾಯಿತು. ಪಕ್ಷಕ್ಕಿಂತ ಮನುಷ್ಯನನ್ನು ನೋಡಿ ಮತ ಹಾಕುವ ಕ್ಷೇತ್ರ ಅದು ಎಂಬುದು ಅವಳ ವಾದ. ದೆಹಲಿಯ ಗಾಳಿ ಯಾವ ಕಡೆ ಬೀಸಿದರೂ ಆಂದ್ರೋತಿನಲ್ಲಿ, ಕಲ್ಪೇನಿಯಲ್ಲಿ ಜನ ಮಾತಾಡುತ್ತಿದ್ದದ್ದು ಸಯೀದರ ಕಡೆಯವರು, ಕೋಯಾ ಕಡೆಯವರು ಎಂದೇ. ದಶಕಗಳ ಕಾಲ ಸಯೀದರ ಎದುರಿಗೆ ನಿಂತ ಗುಂಪಿನ ನಾಯಕ ಡಾಕ್ಟರ್ ಕೆ.ಕೆ. ಮುಹಮ್ಮದ್ ಕೋಯಾ. ಆ ಕಡೆಯ ಅಭ್ಯರ್ಥಿ 2004ರಲ್ಲಿ ಜನತಾದಳ ಸಂಯುಕ್ತದಿಂದ ನಿಂತರು, ಅಂದರೆ ಬಿಜೆಪಿ ಇದ್ದ ಮೈತ್ರಿಕೂಟದಿಂದ. 2009ಕ್ಕೆ ಅದೇ ಪೂಕುಞಿ ಕೋಯಾ ಶರದ್ ಪವಾರರ ಎನ್‌ಸಿಪಿಯ ಅಭ್ಯರ್ಥಿ. ಚಿಹ್ನೆ ಬದಲಾಯಿತು, ಮತದಾರರು ಹೆಚ್ಚು ಕಡಿಮೆ ಅವರೇ ಉಳಿದರು.

“ಇದಕ್ಕಿಂತ ಗಟ್ಟಿ ಸಾಕ್ಷಿ 2024ರಲ್ಲಿ ಸಿಗುತ್ತದೆ,” ಎಂದು ಅವಳು ಪುಟ ತಿರುವಿದಳು. “2019ರಲ್ಲಿ ಎನ್‌ಸಿಪಿಯ ಪಿ.ಪಿ. ಮೊಹಮ್ಮದ್ ಫೈಸಲ್ ಗಡಿಯಾರದ ಗುರುತಿನಲ್ಲಿ 22,851 ಮತ ಪಡೆದು ಗೆದ್ದರು. ಮಹಾರಾಷ್ಟ್ರದಲ್ಲಿ ಪಕ್ಷ ಒಡೆಯಿತು, ಗಡಿಯಾರ ಅಜಿತ್ ಪವಾರ್ ಬಣಕ್ಕೆ ಹೋಯಿತು. 2024ರಲ್ಲಿ ಫೈಸಲ್ ಶರದ್ ಪವಾರ್ ಬಣದಿಂದ, ತುತ್ತೂರಿ ಊದುವ ಮನುಷ್ಯನ ಹೊಸ ಗುರುತಿನಲ್ಲಿ ನಿಂತರು. ಸೋತರು, ಆದರೆ 23,079 ಮತ ಬಂತು. ಅಂದರೆ ಐದು ವರ್ಷದ ಹಿಂದೆ ಗೆದ್ದಾಗ ಬಂದದ್ದಕ್ಕಿಂತ ಹೆಚ್ಚು. ಅದೇ ಗಡಿಯಾರದ ಗುರುತಿನಲ್ಲಿ, ಬಿಜೆಪಿಯ ಬೆಂಬಲದೊಂದಿಗೆ ನಿಂತವರಿಗೆ ಎಷ್ಟು ಗೊತ್ತಾ? 201.”

“ಇನ್ನೂರ ಒಂದು ಸಾವಿರವಾ?”

“ಇನ್ನೂರ ಒಂದು ಮತ, ಸರ್.”

ಇಪ್ಪತ್ಮೂರು ಸಾವಿರ ಜನ ಗಡಿಯಾರವನ್ನು ಅಲ್ಲೇ ಬಿಟ್ಟು ಮನುಷ್ಯನ ಹಿಂದೆ ಹೋದರು. ಹೊಸ ಗುರುತನ್ನು ಪ್ರಚಾರ ಮಾಡಲು ಸಿಕ್ಕದ್ದು ಕೆಲವೇ ವಾರ, ಅದೂ ಒಂದು ದ್ವೀಪದಿಂದ ಇನ್ನೊಂದಕ್ಕೆ ಹಡಗಿನಲ್ಲೋ ದೋಣಿಯಲ್ಲೋ ಹೋಗಬೇಕಾದ ಕಡೆ. ಆದರೂ ತಪ್ಪು ಗುಂಡಿ ಒತ್ತಿದವರು ತೀರಾ ಕಡಿಮೆ. ಗುರುತು ಬದಲಾದರೆ ಮತದಾರರು ಗೊಂದಲಕ್ಕೆ ಬೀಳುತ್ತಾರೆ ಎಂದು ದೊಡ್ಡ ರಾಜ್ಯಗಳ ಪಕ್ಷಗಳು ನ್ಯಾಯಾಲಯದವರೆಗೆ ಹೋಗುವ ಕಾಲದಲ್ಲಿ, ಈ ದ್ವೀಪವಾಸಿಗಳ ಎಚ್ಚರ ಮೆಚ್ಚತಕ್ಕದ್ದು.

ಮೇಷ್ಟ್ರು ಮೆಚ್ಚಿದರು, ಆದರೆ ವಾದವನ್ನು ಪೂರ್ತಿ ಒಪ್ಪಲಿಲ್ಲ. “ಮನುಷ್ಯನನ್ನು ನೋಡಿ ಹಾಕುತ್ತಾರೆ, ಸರಿ. ಆದರೆ 1957ರಿಂದ ಇವತ್ತಿನವರೆಗೆ ನಾಮಕರಣಗೊಂಡವರನ್ನೂ ಸೇರಿಸಿ ಆ ಕ್ಷೇತ್ರ ಕಂಡ ಸಂಸದರು ಎಷ್ಟು ಮಂದಿ?”

ಅವಳು ಬೆರಳು ಮಡಿಚಿದಳು. ನಲ್ಲಕೋಯ ತಂಙಳ್, ಪಿ.ಎಂ. ಸಯೀದ್, ಪೂಕುಞಿ ಕೋಯಾ, ಸಯೀದರ ಮಗ ಹಮ್ದುಲ್ಲಾ ಸಯೀದ್, ಫೈಸಲ್. “ಐದೇ.”

“ಐವರಲ್ಲಿ ಇಬ್ಬರು ಅಪ್ಪ ಮಗ. ಒಬ್ಬಳೂ ಹೆಂಗಸಿಲ್ಲ. ತಾಯಿಯ ಕಡೆಯಿಂದ ತರವಾಡು ನಡೆಯುವ, ಆಸ್ತಿ ಹೆಣ್ಣಿನ ಸಂತತಿಗೆ ಇಳಿಯುವ ಊರು ಅದು. ನಮ್ಮ ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಅದು ಹೊಸದಲ್ಲ. ಮನೆ ಹೆಣ್ಣಿನದ್ದು, ಹುರಿ ಹೊಸೆದದ್ದು ಹೆಣ್ಣು, ಸಂಸದನ ಕುರ್ಚಿ ಮಾತ್ರ ಅಪ್ಪನಿಂದ ಮಗನಿಗೆ. ಇದನ್ನು ಬರೆಯದೆ ಬಿಡಬೇಡ.”

ಅವಳು ಬರೆದುಕೊಂಡಳು.

ಹಮ್ದುಲ್ಲಾ ಸಯೀದ್ 2009ರಲ್ಲಿ ಗೆದ್ದಾಗ ಅಪ್ಪ ಮೊದಲು ಗೆದ್ದ ವಯಸ್ಸಿನ ಆಸುಪಾಸಿನಲ್ಲೇ ಇದ್ದರು. ಹುಟ್ಟಿದ್ದು 1982, 15ನೇ ಲೋಕಸಭೆಯ ಅತಿ ಕಿರಿಯ ಸದಸ್ಯ. ಅಪ್ಪನ ಕೊನೆಯ ದಿನಗಳ ಕಥೆಯೇ ಬೇರೆ. 1998ರ ಡಿಸೆಂಬರಿನಿಂದ 2004ರವರೆಗೆ, ನಡುವೆ ಚುನಾವಣೆಗೆ ಸದನ ವಿಸರ್ಜನೆಯಾದ ತಿಂಗಳುಗಳನ್ನು ಬಿಟ್ಟರೆ, ಪಿ.ಎಂ. ಸಯೀದ್ ಲೋಕಸಭೆಯ ಉಪಾಧ್ಯಕ್ಷ. ದೇಶದ ಅತಿ ಕಡಿಮೆ ಮತದಾರರ ಪ್ರತಿನಿಧಿ, ಅದೂ ವಿರೋಧ ಪಕ್ಷದವರು, ವಾಜಪೇಯಿ ಕಾಲದ ಸದನವನ್ನು ನಡೆಸಿದರು. 2004ರಲ್ಲಿ ಕಾಂಗ್ರೆಸ್ ದೆಹಲಿಯಲ್ಲಿ ಗೆದ್ದಿತು, ಸಯೀದ್ ದ್ವೀಪದಲ್ಲಿ ಸೋತರು. ಆದರೂ ಮನಮೋಹನ್ ಸಿಂಗ್ ಅವರನ್ನು ಇಂಧನ ಸಚಿವರನ್ನಾಗಿ ಮಾಡಿ, ದೆಹಲಿಯಿಂದ ರಾಜ್ಯಸಭೆಗೆ ತಂದರು. 2005ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಅವರು ತೀರಿಕೊಂಡರು.

“ಲೋಕಸಭೆಯ ಉಪಾಧ್ಯಕ್ಷರೂ ಆಗಿದ್ದರು. ಹಾಗಿದ್ದೂ ಜನ ಯಾಕೆ ಕೈಬಿಟ್ಟರು ಸರ್?”

“37 ವರ್ಷ ಒಬ್ಬರನ್ನೇ ಕಳಿಸಿದ ಮೇಲೂ ಕಾಯಿಲೆಯವರನ್ನು ಕೊಚ್ಚಿಗೆ ಸಾಗಿಸಲು ಹೆಲಿಕಾಪ್ಟರ್ ಕಾಯಬೇಕಾದರೆ, ಓದುವ ಮಕ್ಕಳಿಗೆ ಹಡಗಿನ ಟಿಕೆಟ್ ಸಿಗದಿದ್ದರೆ ಒಂದು ಸಲ ಬೇರೆಯವರನ್ನು ನೋಡೋಣ ಅನ್ನಿಸುತ್ತದೆ. ನನಗೆ ಆಶ್ಚರ್ಯ ಆಗುವುದು ಸೋತದ್ದಲ್ಲ. ಅಷ್ಟು ವರ್ಷದ ಮೇಲೂ 71ರಷ್ಟು ಹತ್ತಿರ ಬಂದದ್ದು.”

ಮಾತು ಅಲ್ಲಿಂದ 2023ಕ್ಕೆ ಹಾರಿತು. ಲಕ್ಷದ್ವೀಪದ ಚುನಾವಣಾ ಇತಿಹಾಸದಲ್ಲಿ ಅಷ್ಟು ಕಲಕಿಹೋದ ವರ್ಷ ಇನ್ನೊಂದಿಲ್ಲ, ಆ ವರ್ಷ ಚುನಾವಣೆಯೇ ನಡೆಯಲಿಲ್ಲ. 2009ರ ಚುನಾವಣೆಯ ಹೊತ್ತಿನಲ್ಲಿ ಪಿ.ಎಂ. ಸಯೀದರ ಸಂಬಂಧಿಕರೊಬ್ಬರ ಮೇಲೆ ಆಂದ್ರೋತಿನಲ್ಲಿ ಹಲ್ಲೆ ನಡೆದಿತ್ತು. ಆ ಕೊಲೆಯತ್ನ ಪ್ರಕರಣದಲ್ಲಿ ಫೈಸಲ್ ಮತ್ತು ಇತರರು ತಪ್ಪಿತಸ್ಥರೆಂದು ಕವರತ್ತಿಯ ಸೆಷನ್ಸ್ ನ್ಯಾಯಾಲಯ 2023ರ ಜನವರಿ 11ರಂದು ತೀರ್ಪು ಕೊಟ್ಟಿತು. 10 ವರ್ಷ ಶಿಕ್ಷೆ. ಎರಡೇ ದಿನಕ್ಕೆ ಲೋಕಸಭಾ ಸಚಿವಾಲಯ ಅವರನ್ನು ಅನರ್ಹಗೊಳಿಸಿತು. ಜನವರಿ 18ರಂದು ಚುನಾವಣಾ ಆಯೋಗ ಉಪಚುನಾವಣೆ ಘೋಷಿಸಿತು, ಮತದಾನ ಫೆಬ್ರುವರಿ 27ಕ್ಕೆ. ಜನವರಿ 25ರಂದು ಕೇರಳ ಹೈಕೋರ್ಟ್ ಆ ತೀರ್ಪನ್ನು ಅಮಾನತಿನಲ್ಲಿಟ್ಟಿತು. ಆಯೋಗ ಉಪಚುನಾವಣೆಯನ್ನು ತಡೆಹಿಡಿಯಿತು.

“ಆದರೆ ಸದಸ್ಯತ್ವ ವಾಪಸ್ ಬರಲಿಲ್ಲ,” ಎಂದಳು ಅವಳು. “ಅವರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಅಲ್ಲಿ ವಿಚಾರಣೆಗೆ ಬರುವ ದಿನ, ಮಾರ್ಚ್ 29ರಂದು, ಸಚಿವಾಲಯ ಸದಸ್ಯತ್ವ ಮರಳಿಸಿತು. ಎರಡೂವರೆ ತಿಂಗಳು ಆ ಕ್ಷೇತ್ರಕ್ಕೆ ಸಂಸದನೂ ಇಲ್ಲ, ಉಪಚುನಾವಣೆಯೂ ಇಲ್ಲ. ಬಜೆಟ್ ಅಧಿವೇಶನ ಶುರುವಾದದ್ದೇ ಅವರಿಲ್ಲದೆ.”

ಅಷ್ಟಕ್ಕೇ ಮುಗಿಯಲಿಲ್ಲ. ಉಪಚುನಾವಣೆಗೆ ಆಗುವ ಭಾರಿ ಖರ್ಚನ್ನೂ ಹೈಕೋರ್ಟ್ ತನ್ನ ಆದೇಶದಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅದು ಸರಿಯಾದ ಅಳತೆಯಲ್ಲ, ಕಾನೂನಿನ ಪ್ರಕಾರ ಮತ್ತೆ ನೋಡಿ ಎಂದು ಸುಪ್ರೀಂ ಕೋರ್ಟ್ ಆಗಸ್ಟಿನಲ್ಲಿ ಪ್ರಕರಣವನ್ನು ವಾಪಸ್ ಕಳಿಸಿತು. ಅಕ್ಟೋಬರ್ 3ರಂದು ಹೈಕೋರ್ಟ್ ಈ ಸಲ ತಡೆ ಕೊಡಲಿಲ್ಲ. ಮರುದಿನ ಫೈಸಲ್ ಮತ್ತೆ ಅನರ್ಹ. ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನವೆಂಬರ್ 2ರಂದು ಮತ್ತೆ ಸಂಸದ. ಒಂದೇ ವರ್ಷದಲ್ಲಿ ಎರಡು ಸಲ ಹೋಗಿ ಎರಡು ಸಲ ಬಂದ ಸದಸ್ಯತ್ವ.

ಮೇಷ್ಟ್ರಿಗೆ ಫೈಸಲರ ತಪ್ಪು ಒಪ್ಪುಗಳ ಬಗ್ಗೆ ಹೇಳಲು ಏನೂ ಇರಲಿಲ್ಲ. ಅದು ನ್ಯಾಯಾಲಯದ ಕೆಲಸ ಎಂದರು. ಅವರ ಸಂಕಟ ಬೇರೆ. “ನಮ್ಮಲ್ಲಿ ಒಬ್ಬ ಸಂಸದ ಅನರ್ಹನಾದರೆ ಶಾಸಕ ಇದ್ದಾನೆ, ಅವನ ಮೇಲೆ ಮಂತ್ರಿ ಇದ್ದಾನೆ, ಕೆಳಗೆ ನಗರಸಭೆಯೋ ಪಂಚಾಯಿತಿಯೋ ಇದೆ. ಅಲ್ಲಿ ಒಬ್ಬನೇ. ವಿಧಾನಸಭೆ ಇಲ್ಲ. ರಾಜ್ಯಸಭೆಯಲ್ಲಿ ದ್ವೀಪಕ್ಕೆ ಸ್ಥಾನ ಇಲ್ಲ. ಮೇಲೆ ಕೂತ ಅಡ್ಮಿನಿಸ್ಟ್ರೇಟರ್ ಕೇಂದ್ರ ನೇಮಿಸಿದವರು. ಆ ಒಬ್ಬನನ್ನು ತೆಗೆದುಬಿಟ್ಟರೆ, ಸಂಸತ್ತಿನಲ್ಲಿ ಅವರ ಪರವಾಗಿ ಬಾಯಿ ಬಿಡುವವರೇ ಇಲ್ಲ.”

“ಅದಕ್ಕೇ ನಾನು ತೂಕ ಅಂದದ್ದು ಸರ್. ಆ ಮತ ಅಷ್ಟು ದೊಡ್ಡದು ಅಂತ ಗೊತ್ತಿರುವುದರಿಂದಲೇ ಶೇ 84, 85ರಷ್ಟು ಜನ ಬಂದು ಹಾಕುತ್ತಾರೆ. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಶೇ 53. ಮನೆಯಿಂದ ಮತಗಟ್ಟೆಗೆ ನಡೆದು ಹೋಗುವಷ್ಟು ದೂರ ಇದ್ದವರೂ ಬರಲಿಲ್ಲ.”

“ಜನರ ಕಡೆಯಿಂದ ನೋಡಿದರೆ ದೊಡ್ಡದು. ಅಧಿಕಾರದ ಕಡೆಯಿಂದ ನೋಡು. 2021 ನೆನಪು ಮಾಡಿಕೋ.”

2020ರ ಡಿಸೆಂಬರಿನಲ್ಲಿ ಪ್ರಫುಲ್ ಖೋಡಾ ಪಟೇಲ್ ಆಡಳಿತಾಧಿಕಾರಿಯಾಗಿ ಬಂದರು. ಕೆಲವೇ ತಿಂಗಳಲ್ಲಿ ಸಾಲು ಸಾಲು ಕರಡು ನಿಯಮಗಳು ಹೊರಬಂದವು. ಅಭಿವೃದ್ಧಿಗೆಂದು ಜಮೀನು ತೆಗೆದುಕೊಳ್ಳಲು ಆಡಳಿತಕ್ಕೆ ವಿಶಾಲ ಅಧಿಕಾರ ಕೊಡುವ ಒಂದು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದಾದ ಗೂಂಡಾ ಕಾಯ್ದೆ ಮತ್ತೊಂದು. ಗೋಹತ್ಯೆ ನಿಷೇಧದ ಕರಡು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿಗೆ ನಿಲ್ಲುವಂತಿಲ್ಲ ಎಂಬ ಷರತ್ತು. ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಮಾತೂ ಆಗಲೇ ಎದ್ದಿತು. ಮಂಗಳೂರಿನ ವ್ಯಾಪಾರಿಗಳಿಗೆ ಅದು ಒಳ್ಳೆಯ ಸುದ್ದಿ. ಆದರೆ ದ್ವೀಪದವರ ಭಾಷೆ, ನೆಂಟಸ್ತನ, ಕಾಲೇಜು, ಆಸ್ಪತ್ರೆ ಎಲ್ಲ ಕೇರಳದ ಕಡೆಗೇ ಇದ್ದುದರಿಂದ ಅವರಿಗೆ ಅದು ತಮ್ಮನ್ನು ಕೇಳದೆ ಮಾಡಿದ ಮತ್ತೊಂದು ತೀರ್ಮಾನವಾಗಿ ಕಂಡಿತು. ಜೂನ್ 7ರಂದು ಹತ್ತೂ ದ್ವೀಪಗಳ ಜನ ಮನೆಮನೆಗಳಲ್ಲಿ 12 ಗಂಟೆ ಉಪವಾಸ ಕೂತರು. ಕೊರೋನಾ ನಿರ್ಬಂಧದಿಂದ ಗುಂಪು ಸೇರುವಂತಿರಲಿಲ್ಲ. ಅಂಗಳದಲ್ಲಿ ಫಲಕ ಹಿಡಿದರು, ಕೆಲವರು ಸಮುದ್ರದ ನೀರಿನೊಳಗೆ ಇಳಿದು ಹಿಡಿದರು. ಕೇರಳ ವಿಧಾನಸಭೆ ಅವರ ಪರವಾಗಿ ಮೇ 31ರಂದೇ ನಿರ್ಣಯ ಮಾಡಿತ್ತು.

“ಈಗ ಹೇಳು,” ಎಂದರು ಮೇಷ್ಟ್ರು, “ಆ ಕರಡುಗಳು ಕಾನೂನಾಗಲು ಲೋಕಸಭೆಗೆ ಬರಬೇಕಿತ್ತಾ?”

ಅವಳಿಗೆ ಉತ್ತರ ಗೊತ್ತಿತ್ತು, ಆದರೆ ತಡೆದು ಹೇಳಿದಳು. “ಬರಬೇಕಿಲ್ಲ. ಸಂವಿಧಾನದ 240ನೇ ವಿಧಿ. ಲಕ್ಷದ್ವೀಪಕ್ಕೆ ರಾಷ್ಟ್ರಪತಿಯೇ ನಿಯಮ ಹೊರಡಿಸಬಹುದು, ಅದಕ್ಕೆ ಸಂಸತ್ತಿನ ಕಾಯ್ದೆಯಷ್ಟೇ ಬಲ.”

“ನೋಡಿದೆಯಾ. 543ರಲ್ಲಿ ಒಬ್ಬನಾಗಿ ವಿರುದ್ಧ ಮತ ಹಾಕುವ ಅವಕಾಶ ಕೂಡ ಅವರ ಸಂಸದನಿಗೆ ಇರಲಿಲ್ಲ. ಅವನು ಮಾಡಬಹುದಾದದ್ದು ಪತ್ರ ಬರೆಯುವುದು, ಸದನದಲ್ಲಿ ಪ್ರಶ್ನೆ ಕೇಳುವುದು, ಗೃಹಸಚಿವರ ಬಾಗಿಲು ತಟ್ಟುವುದು. ಮತದಾರ ಶೇ 85 ಬರಲಿ, ನೂರೇ ಬರಲಿ.”

ಅವಳು ಸುಲಭಕ್ಕೆ ಬಿಟ್ಟುಕೊಡಲಿಲ್ಲ. 2021ರ ಗದ್ದಲ ದೇಶಕ್ಕೆಲ್ಲ ಕೇಳಿಸಿದ್ದೇ ಅಲ್ಲಿ ಒಬ್ಬ ಸಂಸದ ಇದ್ದುದರಿಂದ ಎಂದಳು. ನಾಮಕರಣಗೊಂಡ ಸದಸ್ಯರ ಕಾಲದಲ್ಲಿ ಹೀಗಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊದಲ ಕರಡುಗಳು ಬಂದಾಗ ಫೈಸಲ್ ಟಿವಿಗಳಲ್ಲಿ, ಪತ್ರಿಕೆಗಳಲ್ಲಿ ಬಿಡದೆ ಮಾತಾಡಿದರು. ಬದ್ಧ ಎದುರಾಳಿಗಳಾದ ಕಾಂಗ್ರೆಸ್ಸಿನವರೂ ಎನ್‌ಸಿಪಿಯವರೂ ಒಂದೇ ವೇದಿಕೆಗೆ ಬಂದರು. 2019ರಲ್ಲಿ ಬಿಜೆಪಿಗೆ ಬಿದ್ದ ಮತ 125. 2024ರ ಜನವರಿಯಲ್ಲಿ ಪ್ರಧಾನಿ ದ್ವೀಪಕ್ಕೆ ಬಂದು, ಆ ಚಿತ್ರಗಳು ಮಾಲ್ದೀವ್ಸ್ ಜೊತೆಗಿನ ಜಗಳಕ್ಕೇ ಕಾರಣವಾಗಿ, ಇಡೀ ದೇಶ ಲಕ್ಷದ್ವೀಪದ ಹೆಸರು ಹೇಳಿತು. ಮೂರು ತಿಂಗಳ ಮೇಲೆ ಏಪ್ರಿಲ್ 19ರಂದು ಮತದಾನವಾದಾಗ ಜನ ತಮ್ಮ ಹಳೆಯ ಎರಡು ಬಣಗಳಿಗೇ ಮತ ಹಾಕಿದರು. ಹಮ್ದುಲ್ಲಾ ಸಯೀದ್ 25,726 ಮತಗಳೊಂದಿಗೆ ಮರಳಿದರು. “ಇದು ಅಭಿಪ್ರಾಯ ಅಲ್ವಾ ಸರ್? ಕಾನೂನು ಮಾಡುವ ಕೈಗೆ ತಲುಪದಿದ್ದರೂ ಅಭಿಪ್ರಾಯವೇ.”

“ಅಭಿಪ್ರಾಯವೇ. ಅದನ್ನು ಕೇಳಿಸಿಕೊಳ್ಳಲೇಬೇಕಾದ ಜಾಗ ಯಾವುದು ಅಂತ ನನ್ನ ಪ್ರಶ್ನೆ.”

“ವಿಧಾನಸಭೆ ಬೇಕು ಅಂತೀರಾ? ಪುದುಚೇರಿಗೆ ಉಂಟು. ಆದರೆ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ. ಇಲ್ಲಿ 65 ಸಾವಿರ ಜನಕ್ಕೆ ಶಾಸಕರು, ಮಂತ್ರಿಗಳು, ಅವರ ಬಂಗಲೆ?”

“ಬೇಡ. ನಾನು ಅಷ್ಟು ದೊಡ್ಡದು ಕೇಳುತ್ತಿಲ್ಲ. ಹತ್ತು ದ್ವೀಪಕ್ಕೆ ಹತ್ತು ದ್ವೀಪ ಪಂಚಾಯಿತಿ, ಮೇಲೆ ಒಂದು ಜಿಲ್ಲಾ ಪಂಚಾಯಿತಿ ಇತ್ತಲ್ಲ, ಅದು ಎಲ್ಲಿ?”

ಅವಳ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವಳು ಲೋಕಸಭೆಯನ್ನಷ್ಟೇ ಹಿಡಿದಿದ್ದಳು. ಆದರೆ ವಿಷಯ ಗೊತ್ತಿತ್ತು. ಕಳೆದ ಪಂಚಾಯಿತಿ ಚುನಾವಣೆ ನಡೆದದ್ದು 2017ರ ಡಿಸೆಂಬರಿನಲ್ಲಿ. ಅವಧಿ ಮುಗಿದ ಮೇಲೆ ಹೊಸ ಚುನಾವಣೆ ನಡೆಯಲಿಲ್ಲ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ.

“ಬಿತ್ರಾ ನೋಡು,” ಎಂದರು ಮೇಷ್ಟ್ರು. ಮಾತು ಈಗ ವೇಗವಾಗಿತ್ತು, ದನಿಯಲ್ಲಿ ಸಿಟ್ಟಿತ್ತು. “ಜನ ಇರುವ ದ್ವೀಪಗಳಲ್ಲಿ ಎಲ್ಲಕ್ಕಿಂತ ಸಣ್ಣದು. 2011ರ ಜನಗಣತಿಯಲ್ಲಿ 271 ಜನ. ಒಂದು ಕಾಲದಲ್ಲಿ ನಮ್ಮ ಜಿಲ್ಲೆಯದ್ದೇ. 2025ರ ಜುಲೈಯಲ್ಲಿ ಅಲ್ಲಿನ ಆಡಳಿತ ಒಂದು ಅಧಿಸೂಚನೆ ಹೊರಡಿಸಿತು. ದೇಶದ ರಕ್ಷಣೆಗೆ ಆಯಕಟ್ಟಿನ ಜಾಗ, ಹಾಗಾಗಿ ಇಡೀ ದ್ವೀಪವನ್ನು ರಕ್ಷಣಾ ಸಂಸ್ಥೆಗಳಿಗೆ ಕೊಡುವ ಉದ್ದೇಶ ಉಂಟು, ಅದರ ಸಾಮಾಜಿಕ ಪರಿಣಾಮದ ಅಧ್ಯಯನ ಮಾಡುತ್ತೇವೆ ಅಂತ. ದೇಶದ ರಕ್ಷಣೆ ಬೇಡ ಅನ್ನುವವರು ಯಾರು? ಆದರೆ ಇಡೀ ಊರನ್ನೇ ಎಬ್ಬಿಸುವ ಪ್ರಶ್ನೆ ಅದು.”

“ಹಮ್ದುಲ್ಲಾ ಸಯೀದ್ ವಿರೋಧಿಸಿದ್ದಾರೆ. ಜನರ ಜೊತೆ ನಿಲ್ಲುತ್ತೇನೆ ಅಂದಿದ್ದಾರೆ.”

“ಅಂದಿದ್ದಾರೆ, ಒಳ್ಳೆಯದು. 2013ರ ಭೂಸ್ವಾಧೀನ ಕಾಯ್ದೆ ಏನು ಹೇಳುತ್ತದೆ? ಸಾಮಾಜಿಕ ಪರಿಣಾಮದ ಅಧ್ಯಯನ ಮಾಡುವಾಗ ಆ ಊರಿನ ಪಂಚಾಯಿತಿಯ ಜೊತೆ ಸಮಾಲೋಚನೆ ಮಾಡಬೇಕು. ಬಿತ್ರಾದಲ್ಲಿ ಆಗ ಚುನಾಯಿತ ಪಂಚಾಯಿತಿಯೇ ಇರಲಿಲ್ಲ. ಸಮಾಲೋಚನೆ ಯಾರ ಜೊತೆ ಮಾಡುವುದು?”

ಸಂಶೋಧಕಿ ಪುಸ್ತಕದ ಹೊಸ ಪುಟ ತೆಗೆದು 2017 ಎಂದು ಬರೆದಳು. ಕೆಳಗೆ ಹತ್ತು ದ್ವೀಪಗಳ ಹೆಸರು ಒಂದರ ಕೆಳಗೊಂದು. ಪ್ರತಿ ಹೆಸರಿನ ಎದುರಿಗೆ ಆ ಚುನಾವಣೆಯಲ್ಲಿ ಗೆದ್ದವರ ಪಕ್ಷ ತುಂಬಿಸಬೇಕು, ಆಗ ಸಯೀದ್ ಬಣ, ಎದುರು ಬಣ ಎಂಬ ಗೆರೆ ಪಂಚಾಯಿತಿಯಲ್ಲೂ ಹಾಗೇ ಇತ್ತೋ ಇಲ್ಲವೋ ತಿಳಿಯುತ್ತದೆ ಎಂದಳು. ಮಿನಿಕಾಯ್ ಮಾತ್ರ ಬೇರೆ ಥರ ಇರಬಹುದು, ಅಲ್ಲಿ ಮಾತಾಡುವುದು ಮಲಯಾಳ ಅಲ್ಲ, ಮಹಲ್. ಊರಿನ ಒಳಗೇ ಹಳ್ಳಿಗೊಬ್ಬ ಹಿರಿಯನ ವ್ಯವಸ್ಥೆ ಬೇರೆ ಉಂಟು.

“ಹಾಗಾದರೆ ಮಿನಿಕಾಯಿಯಿಂದಲೇ ಶುರು ಮಾಡು,” ಎಂದರು ಮೇಷ್ಟ್ರು. “ಮತ್ತೆ ಆಂದ್ರೋತ್, ಕಲ್ಪೇನಿ. ಅಮೀನಿಯದ್ದು ಹಳೇ ಕಾಗದ ಏನಾದರೂ ಬೇಕಾದರೆ ದಕ್ಷಿಣ ಕನ್ನಡದ ಕಲೆಕ್ಟರ್ ಕಾಲದ ದಾಖಲೆಗಳಲ್ಲಿ ಹುಡುಕುವ. ನಾನೂ ಬರುತ್ತೇನೆ.”